ಮುಟ್ಟಿನ ಎರಡನೇ ದಿನ, ಐದಡಿ ನೀರಿನಲ್ಲಿ

ಬಾಗಿಲಿನ ಆಚೆ ಅವಳು, ಈಚೆ ನಾನು. ಬಳ್ಳಾರಿಯ ಒಂದು ಈಜುಕೊಳ, ಹೆಂಗಸರು ಬಟ್ಟೆ ಬದಲಿಸುವ ಕೋಣೆ. ಬೆಳಿಗ್ಗೆ 7ರ ಲೇಡೀಸ್ ಬ್ಯಾಚಿಗೆ ಇನ್ನೂ ಹೊತ್ತಿದೆ. ನೆಲವೆಲ್ಲ ಒದ್ದೆ, ಕ್ಲೋರಿನ್ ವಾಸನೆ ಗಂಟಲಿಗೆ ಹತ್ತುತ್ತಿದೆ, ಎಲ್ಲೋ ಒಂದು ನಲ್ಲಿ ಸರಿಯಾಗಿ ನಿಲ್ಲದೆ ತೊಟ್ಟಿಕ್ಕುತ್ತಿದೆ. ಬಾಗಿಲಿನ ಕೆಳಗಿನ ಸಂದಿಯಲ್ಲಿ ಅವಳ ಪಾದಗಳು ಕಾಣುತ್ತವೆ. ಬಲಗಾಲು ಮೇಲೆದ್ದು ಬೋರಲು ಹಾಕಿದ ಬಕೆಟ್ಟಿನ ಮೇಲೆ ಹೋಗುತ್ತದೆ, ಸ್ವಲ್ಪ ಹೊತ್ತು ಅಲ್ಲೇ ನಿಂತು ಮತ್ತೆ ನೆಲಕ್ಕಿಳಿಯುತ್ತದೆ.

"ಚಿಗವ್ವಾ, ಹೋಗವಲ್ದು."

"ಬಿಡು, ಹೊರಗ ತಗಿ. ಅವಸರ ಏನೈತಿ? ಕೂತ್ಕೋ ಹಂಗೇ."

"ಉರಿತೈತಿ."

"ಬಿಗಿ ಹಿಡದಿರ್ತಿ, ಅದಕ್ಕ ಉರಿತೈತಿ. ಉಸ್ರು ಬಿಡು ಮೊದಲು."

ಅವಳು ಅಕ್ಕನ ಮಗಳು. ವಯಸ್ಸು 19, ಊರು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ, ಬಳ್ಳಾರಿಯಲ್ಲಿ ನನ್ನ ಮನೆಯಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ. ಕಾಲೇಜಿನ ಪರವಾಗಿ ಈಜುವುದಕ್ಕೆ ಹೆಸರು ಕೊಟ್ಟಿದ್ದಾಳೆ. ಸ್ಪರ್ಧೆಗೆ ಉಳಿದಿರುವುದು ಕೆಲವೇ ವಾರ, ಅಭ್ಯಾಸದ ನಡುವೆ ಮುಟ್ಟು ಬಂದಿದೆ. ಇವತ್ತು ಎರಡನೇ ದಿನ, ಹರಿವು ಜೋರಾಗಿರುವ ದಿನ. ಇಲ್ಲಿಯವರೆಗೆ ಆ ದಿನಗಳು ಬಂದಾಗಲೆಲ್ಲ ಕೊಳಕ್ಕೆ ರಜೆ. ಕಲಿಸುವವರು ಕಾರಣ ಕೇಳುವುದಿಲ್ಲ, ಇವಳು ಹೇಳುವುದಿಲ್ಲ. ತಿಂಗಳಿಗೆ ಐದು ದಿನ ಹೀಗೆ ದಂಡೆಯಲ್ಲಿ ಕೂತರೆ ವರ್ಷಕ್ಕೆ ಎರಡು ತಿಂಗಳು ಹೋಯಿತು. ಈ ಲೆಕ್ಕ ಹಾಕಿದವಳು ಅವಳೇ, ನಾನಲ್ಲ.

ಅವಳ ಅಂಗೈಯಲ್ಲಿರುವುದು ಒಂದು ಟ್ಯಾಂಪೂನ್. ಕಿರುಬೆರಳಿನ ದಪ್ಪ, ಸುಮಾರು ಐದು ಸೆಂಟಿಮೀಟರ್ ಉದ್ದ. ಹತ್ತಿಯನ್ನೂ ರೇಯಾನನ್ನೂ ಬಿಗಿಯಾಗಿ ಒತ್ತಿ ಮಾಡಿದ್ದು, ಒಂದು ತುದಿಯಲ್ಲಿ ಬಿಳಿ ದಾರ. ಸಿರುಗುಪ್ಪದ ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಅಂಗಡಿಯ ಹುಡುಗ ಹೆಸರು ಅರ್ಥವಾಗದೆ ಪ್ಯಾಡಿನ ಪೊಟ್ಟಣವನ್ನೇ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ. ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆವು, ಒಂದಕ್ಕೆ ಹತ್ತು-ಹದಿನೈದು ರೂಪಾಯಿ ಬಿತ್ತು. ಅಂಗಡಿಯ ಹುಡುಗನನ್ನು ದೂರಿ ಪ್ರಯೋಜನವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಇದನ್ನು ಬಳಸುವವರು ನೂರಕ್ಕೆ ಇಬ್ಬರೂ ಇಲ್ಲ. ಅಮೆರಿಕದ ಡೆನ್ವರಿನ ವೈದ್ಯ ಅರ್ಲ್ ಹಾಸ್ ಇದನ್ನು ಒಳಗೆ ದೂಡುವ ಕೊಳವೆಯ ಸಮೇತ ರೂಪಿಸಿ ಪೇಟೆಂಟಿಗೆ ಅರ್ಜಿ ಹಾಕಿದ್ದು 1931ರಲ್ಲಿ. ನಮ್ಮ ಸೀಮೆಗೆ ಅದು ಇನ್ನೂ ಬರುತ್ತಲೇ ಇದೆ.

ಒಳಗಿಂದ ಸದ್ದಿಲ್ಲ. ಅವಳು ಕುಕ್ಕರಗಾಲಿನಲ್ಲಿ ಕೂತಿದ್ದಾಳೆ. ಕೂತಿರಲಿ.

ಇವಳು ಈಜು ಕಲಿತದ್ದು ಕೊಳದಲ್ಲಲ್ಲ. ತುಂಗಭದ್ರಾ ಅಣೆಕಟ್ಟೆಯಿಂದ ಹೊರಟು ಸಿರುಗುಪ್ಪ ತಾಲ್ಲೂಕು ಹಾದು ಆಂಧ್ರಕ್ಕೆ ಹೋಗುವ ಕೆಳಮಟ್ಟದ ಕಾಲುವೆ ಇದೆಯಲ್ಲ, ನಮ್ಮವರ ಬಾಯಲ್ಲಿ ಎಲ್‌ಎಲ್‌ಸಿ, ಅದರ ತೂಬುಗಾಲುವೆಯಲ್ಲಿ. ಬೆನ್ನಿಗೆ ಖಾಲಿ ಪ್ಲಾಸ್ಟಿಕ್ ಕ್ಯಾನು ಕಟ್ಟಿಕೊಂಡು, ಅಣ್ಣಂದಿರ ಹಿಂದೆ. ಏಳನೇ ಕ್ಲಾಸಿಗೆಲ್ಲ ಕ್ಯಾನು ಬಿಟ್ಟು ಹರಿವಿಗೆ ಎದುರಾಗಿ ಕೈ ಬೀಸುತ್ತಿದ್ದಳು. ಎಂಟನೇ ಕ್ಲಾಸಿನಲ್ಲಿ ದೊಡ್ಡವಳಾದಳು. ಆರತಿ ಮಾಡಿದರು, ತಲೆಗೆ ನೀರು ಹಾಕಿದರು, ಹೊಸ ಸೀರೆ ಉಡಿಸಿದರು. ಅಲ್ಲಿಗೆ ಕಾಲುವೆ ಮುಗಿಯಿತು. ಇನ್ನು ಇಳಿಯಬೇಡ ಎಂದು ಬಾಯಿಬಿಟ್ಟು ಹೇಳಿದವರು ಯಾರೂ ಇಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಅಣ್ಣಂದಿರು ಮಾತ್ರ ಇವತ್ತಿಗೂ ಸೇತುವೆಯಿಂದ ಹಾರುತ್ತಾರೆ.

ಶಾಲೆಯಲ್ಲಿ ಸರ್ಕಾರದ 'ಶುಚಿ' ಯೋಜನೆಯ ಪ್ಯಾಡು ಬಂದಾಗ ಸಿಕ್ಕಿತು, ಬಾರದಾಗ ಇಲ್ಲ. ಅದು ದೊಡ್ಡ ಉಪಕಾರವೇ. ಆದರೆ ಪ್ಯಾಡು ಹಾಕಿಕೊಂಡು ನೀರಿಗೆ ಇಳಿಯಲಾಗದು. ಅದರೊಳಗಿನ ಪುಡಿಗೆ ರಕ್ತವೂ ಒಂದೇ ಕೊಳದ ನೀರೂ ಒಂದೇ. ಇಳಿದ ಕೂಡಲೇ ನೀರು ಹೀರಿ ಉಬ್ಬುತ್ತದೆ, ಭಾರಕ್ಕೆ ಜಾರುತ್ತದೆ, ಆಮೇಲೆ ರಕ್ತಕ್ಕೆ ಜಾಗವಿರುವುದಿಲ್ಲ. ಟ್ಯಾಂಪೂನ್ ರಕ್ತವನ್ನು ಹೊರಗೆ ಬರುವ ಮೊದಲೇ, ಒಳಗೇ ಹೀರುತ್ತದೆ. ಈಜುವವರಿಗೆ ಅದು ಬೇಕಾಗುವುದು ಇಷ್ಟಕ್ಕೇ.

"ಚಿಗವ್ವಾ."

"ಹೇಳವ್ವಾ."

"ಒಳಗ ಎಲ್ಲಿಗೋ ಹೋಗಿಬಿಟ್ರ?"

ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಹೇಳುತ್ತೇನೆ. ಹೋಗುವುದಕ್ಕೆ ಅಲ್ಲಿ ದಾರಿಯೇ ಇಲ್ಲ. ಯೋನಿಯ ಆ ತುದಿಯಲ್ಲಿ ಗರ್ಭಕೋಶದ ಬಾಯಿ ಇದೆ. ಅದರ ತೂತು ರಕ್ತ ಇಳಿಯುವಷ್ಟು ಸಣ್ಣದು, ಟ್ಯಾಂಪೂನ್ ದಾಟಲಾರದು. ದಾರ ಹೊರಗೇ ಇರುತ್ತದೆ. ಅಕಸ್ಮಾತ್ ಒಳಗೆ ಸರಿದರೂ ಬೆರಳು ಹಾಕಿದರೆ ಸಿಗುತ್ತದೆ, ಸಿಗದಿದ್ದರೆ ಡಾಕ್ಟರಮ್ಮ ಎರಡು ನಿಮಿಷದಲ್ಲಿ ತೆಗೆಯುತ್ತಾರೆ.

"ಉಚ್ಚಿ ಬಂದ್ರ?"

"ಅದರ ದಾರಿ ಬ್ಯಾರೆ, ಇದರ ದಾರಿ ಬ್ಯಾರೆ. ದಾರ ಒಂದೀಟು ಪಕ್ಕಕ್ಕ ಹಿಡಕೊಂಡ್ರ ಆತು."

19 ವರ್ಷದ ಹುಡುಗಿ, ವಿಜ್ಞಾನ ಓದಿದವಳು, ಪಿಯುಸಿಯಲ್ಲಿ ಹೆಣ್ಣಿನ ಜನನಾಂಗದ ಚಿತ್ರ ಬರೆದು ಭಾಗಗಳಿಗೆ ಹೆಸರು ಕೊಟ್ಟು ಅಂಕ ತೆಗೆದುಕೊಂಡವಳು. ಆ ಚಿತ್ರಕ್ಕೂ ತನ್ನ ಮೈಗೂ ಸಂಬಂಧವಿದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ನನಗೆ ಸಂಕಟವಾಗುವುದು ಇಲ್ಲಿ.

ಇನ್ನೊಂದು ಪ್ರಶ್ನೆ ಬರಬೇಕಿತ್ತು, ಬರುತ್ತಿಲ್ಲ. ಅದಕ್ಕಾಗಿಯೇ ಅವಳ ಮೈ ಬಿಗಿದಿದೆ ಎಂದು ನನಗೆ ಗೊತ್ತು. ಹಾಗಾಗಿ ನಾನೇ ಎತ್ತುತ್ತೇನೆ. ಕನ್ಯಾಪೊರೆ ಎನ್ನುವುದು ದಾರಿಗೆ ಅಡ್ಡ ಹಾಕಿದ ಪರದೆಯಲ್ಲ. ಹಾಗಿದ್ದಿದ್ದರೆ ಮುಟ್ಟಿನ ರಕ್ತ ಬರುತ್ತಿದ್ದುದಾದರೂ ಎಲ್ಲಿಂದ? ಅದು ಬಾಯಿಯ ಸುತ್ತ ಇರುವ ತೆಳು ಚರ್ಮದ ಅಂಚು, ನಡುವೆ ತೆರಪಿರುತ್ತದೆ, ಹಿಗ್ಗುತ್ತದೆ. ಒಬ್ಬೊಬ್ಬರಲ್ಲಿ ಒಂದೊಂದು ಥರ. ಅದನ್ನು ನೋಡಿ ಯಾವ ಡಾಕ್ಟರೂ ಯಾವ ಹುಡುಗಿಯ ಬಗ್ಗೆಯೂ ಏನನ್ನೂ ಹೇಳಲಾರರು. ಕನ್ಯತ್ವ ಪರೀಕ್ಷೆಗೆ ವಿಜ್ಞಾನದ ಆಧಾರವೇ ಇಲ್ಲ, ಅದು ನಿಲ್ಲಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿತು. ಅತ್ಯಾಚಾರಕ್ಕೊಳಗಾದವರ ಮೇಲೆ ಎರಡು ಬೆರಳಿನ ಪರೀಕ್ಷೆ ನಡೆಸುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು ನಮ್ಮ ಸುಪ್ರೀಂ ಕೋರ್ಟು 2022ರ ಅಕ್ಟೋಬರಿನಲ್ಲಿ ಹೇಳಿತು. ಇಷ್ಟನ್ನೂ ಒದ್ದೆ ನೆಲದ ಮೇಲೆ ನಿಂತು ಬಾಗಿಲಿನ ಸಂದಿಗೆ ಬಾಯಿಟ್ಟು ಹೇಳುತ್ತೇನೆ.

ಸ್ವಲ್ಪ ಹೊತ್ತಾದ ಮೇಲೆ ನೀರಿನ ಸದ್ದು. ಮತ್ತೆ ಸೋಪಿನಿಂದ ಕೈ ತೊಳೆಯುತ್ತಿದ್ದಾಳೆ. ಹೊಸದೊಂದರ ಪ್ಲಾಸ್ಟಿಕ್ ಹರಿಯುವ ಸದ್ದು. ಪೊಟ್ಟಣದಲ್ಲಿ ಎಲ್ಲಕ್ಕಿಂತ ಕಡಿಮೆ ಹೀರುವ, ತೆಳುವಾದ ನಮೂನೆ ಅದು. ಮೊದಲ ಸಲಕ್ಕೆ ಅದೇ ಸರಿ. ಹರಿವು ಚೆನ್ನಾಗಿರುವ ದಿನವೇ ಸರಿ ಕೂಡ, ಒಣಗಿದ್ದಾಗ ಹಾಕಿದರೆ ಕೆರೆಯುತ್ತದೆ.

"ದಾರ ಜಗ್ಗಿ ನೋಡ್ದ್ಯಾ?"

"ಹೂಂ. ಗಟ್ಟಿ ಐತಿ."

"ಕಾಲು ಬಕೀಟಿನ ಮ್ಯಾಲೆ ಬ್ಯಾಡ. ಕುಕ್ಕರಗಾಲಾಗೇ ಇರು, ನಿನಗ ರೂಢಿ ಐತಿ. ನೆಟ್ಟಗ ಮ್ಯಾಲಕ್ಕಲ್ಲ, ಹಿಂದಕ್ಕ, ಸೊಂಟದ ಕಡಿ ದೂಡು. ಉಸ್ರು ಬಿಡೂ ಹೊತ್ತಿಗೆ."

ಚಿತ್ರ ನೋಡಿದರೆ ಯೋನಿ ನೆಟ್ಟಗೆ ನಿಂತ ಕೊಳವೆಯೆಂದು ಅನ್ನಿಸುತ್ತದೆ. ಹಾಗಿಲ್ಲ, ಅದು ಬೆನ್ನಿನ ಕಡೆಗೆ ವಾಲಿದೆ. ನೆಟ್ಟಗೆ ದೂಡಿದವರಿಗೆಲ್ಲ ಗೋಡೆಗೆ ತಗುಲಿ ಉರಿಯುತ್ತದೆ. ಬಾಯಿಯ ಹತ್ತಿರದ ಸ್ನಾಯು ಬಿಗಿ, ಅದನ್ನು ದಾಟಿದರೆ ಒಳಗೆ ಜಾಗವಿದೆ, ಅಲ್ಲಿ ಸ್ಪರ್ಶ ತಿಳಿಯುವುದೂ ಕಡಿಮೆ. ಆದ್ದರಿಂದ ಅರ್ಧಕ್ಕೆ ನಿಲ್ಲಿಸಬಾರದು. ತೋರುಬೆರಳಿನ ಎರಡನೇ ಗೆಣ್ಣಿನ ತನಕ ಹೋಗಬೇಕು.

ಪಾದಗಳು ಕದಲುವುದಿಲ್ಲ. ಉದ್ದವಾದ ಉಸಿರು ಹೊರಗೆ ಬರುವುದು ಕೇಳಿಸುತ್ತದೆ. ಮತ್ತೊಂದು.

"ಚಿಗವ್ವಾ... ಏನೂ ಗೊತ್ತಾಗವಲ್ದು."

"ಗೊತ್ತಾಗದಿದ್ರ ಸರಿಯಾಗಿ ಕುಂತೈತಿ ಅಂತ. ಎದ್ದು ನಾಕು ಹೆಜ್ಜಿ ಅಡ್ಡಾಡು. ದಾರ ಒಳಗ ಸೇರಿಸ್ಕೋ."

ಚಿಲಕ ತೆರೆಯುತ್ತದೆ. ಮೊಣಕಾಲಿನ ತನಕ ಬರುವ ಕಡುನೀಲಿ ಈಜುಡುಪು, ತಲೆಗೆ ಟೋಪಿ. ಮುಖ ಕೆಂಪಾಗಿದೆ. ನಡೆದು ನೋಡುತ್ತಾಳೆ, ಕೂತು ನೋಡುತ್ತಾಳೆ, ಒಂದು ಕಾಲೆತ್ತಿ ಜಾಡಿಸುತ್ತಾಳೆ. ನನ್ನನ್ನು ನೋಡಿ ಏನೂ ಹೇಳದೆ ಕೊಳದ ಕಡೆ ನಡೆಯುತ್ತಾಳೆ.

ಕೊಳದ ದಂಡೆ ಇನ್ನೂ ತಣ್ಣಗಿದೆ. ಬಳ್ಳಾರಿಯ ಬಿಸಿಲಿಗೆ ಇನ್ನೆರಡು ಗಂಟೆಯಲ್ಲಿ ಇದೇ ಹಾಸುಗಲ್ಲು ಅಂಗಾಲು ಸುಡುತ್ತದೆ. ಬ್ಯಾಚಿನ ಹೆಂಗಸರು ಒಬ್ಬೊಬ್ಬರಾಗಿ ಕಂಬಿ ಹಿಡಿದು ಇಳಿಯುತ್ತಿದ್ದಾರೆ. ಮಂಡಿನೋವಿಗೆಂದು ಬರುವವರು, ತೂಕ ಇಳಿಸಲು ಬರುವವರು, ಮಕ್ಕಳ ಜೊತೆ ಬಂದು ತಾವೂ ಕಲಿತವರು. ಅವಳು ಏಣಿಯ ಮೇಲಿನ ಮೆಟ್ಟಿಲಲ್ಲಿ ನಿಂತು ನೀರನ್ನೇ ನೋಡುತ್ತಾಳೆ. ತನ್ನ ಸುತ್ತ ನೀರು ಕೆಂಪಾಗುವ ಚಿತ್ರ ಅವಳ ಕಣ್ಣಮುಂದೆ ಇದ್ದೇ ಇದೆ, ಅದು ಎಲ್ಲ ಹುಡುಗಿಯರ ಕಣ್ಣಮುಂದೆಯೂ ಇರುತ್ತದೆ. ಮುಟ್ಟಿನ ಅಷ್ಟೂ ದಿನ ಸೇರಿ ಹೋಗುವ ರಕ್ತ ಸಾಮಾನ್ಯವಾಗಿ 30-40 ಮಿಲಿಲೀಟರ್, ಈ ಕೊಳದಲ್ಲಿರುವುದು ಲಕ್ಷಗಟ್ಟಲೆ ಲೀಟರ್ ಕ್ಲೋರಿನ್ ಬೆರೆತ ನೀರು ಎಂದು ನಿನ್ನೆ ರಾತ್ರಿ ಹೇಳಿದ್ದೇನೆ. ಲೆಕ್ಕ ಕೇಳಿದ ಮಾತ್ರಕ್ಕೆ ಹೆದರಿಕೆ ಹೋಗುವುದಿಲ್ಲ.

ಇಳಿದಳು. ಮೊಣಕಾಲು, ಸೊಂಟ, ಎದೆ. ಐದಡಿ ಆಳದಲ್ಲಿ ಕಾಲೂರಿ ನಿಂತು ಕೈಯಿಂದ ಸುತ್ತಲಿನ ನೀರನ್ನು ಸರಿಸಿ ನೋಡುತ್ತಾಳೆ. ನೀಲಿ ಟೈಲ್ಸು, ಅದರ ಮೇಲೆ ಅಲುಗುವ ಬೆಳಕು, ತನ್ನದೇ ಪಾದ. ಬೇರೇನಿಲ್ಲ. ಗೋಡೆಗೆ ಕಾಲು ಒತ್ತಿ ಹೊರಟಳು.

ಕಾಲುವೆಯಲ್ಲಿ ಕಲಿತವರ ಕೈ ಬೇರೆ ಥರ. ಹರಿವಿಗೆ ಎದುರಾಗಿ ಕಲಿತದ್ದರಿಂದ ಮೊದಲ ನಾಲ್ಕು ಬೀಸಿನಲ್ಲೇ ಬಲವೆಲ್ಲ ಹಾಕುತ್ತಾರೆ. ಇವಳದು ಅದೇ ಚಾಳಿ, ಕಲಿಸುವವರು ದಂಡೆಯಿಂದ ನಿಧಾನ ನಿಧಾನ ಎನ್ನುತ್ತಿರುತ್ತಾರೆ. ಇವತ್ತು ಹೇಳಿಸಿಕೊಳ್ಳದೆಯೇ ನಿಧಾನವಾಗಿದ್ದಾಳೆ, ಹೊಟ್ಟೆಯ ಕೆಳಭಾಗದ ಸೆಳೆತ ಇನ್ನೂ ಇದ್ದಿರಬೇಕು. ಎರಡನೇ ಸುತ್ತಿಗೆ ಸೊಂಟ ಸಡಿಲಾಯಿತು, ಕಾಲಿನ ಬಡಿತ ಸಮವಾಯಿತು. ನೀರಿನಲ್ಲಿ ಮೈ ಭಾರ ಕಳೆದುಕೊಂಡಾಗ ಮುಟ್ಟಿನ ನೋವು ಹಲವರಿಗೆ ಇಳಿಯುತ್ತದೆ. ಎಲ್ಲರಿಗೂ ಅಲ್ಲ.

2016ರ ಆಗಸ್ಟಿನ ರಿಯೋ ಒಲಿಂಪಿಕ್ಸಿನಲ್ಲಿ ಚೀನಾದ ಈಜುಗಾರ್ತಿ ಫು ಯುವಾನ್‌ಹುಯಿ ರಿಲೇ ಮುಗಿಸಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ತಂಡಕ್ಕೆ ನಾಲ್ಕನೇ ಸ್ಥಾನ. ಹಿಂದಿನ ದಿನ ಮುಟ್ಟಾಗಿದ್ದೇನೆ, ಸುಸ್ತಾಗಿದೆ, ಆದರೆ ಅದೊಂದು ನೆಪವಲ್ಲ ಎಂದು ಟಿವಿ ಮೈಕಿನ ಮುಂದೆ ಸಹಜವಾಗಿ ಹೇಳಿಬಿಟ್ಟಳು. ಮುಟ್ಟಾದವಳು ನೀರಿಗೆ ಹೇಗೆ ಇಳಿದಳು ಎಂದು ಅವಳ ದೇಶದಲ್ಲೇ ಎಷ್ಟೋ ಜನ ಬೆರಗಾಗಿ ಕೇಳಿದರು. ಅಲ್ಲಿಯೂ ಟ್ಯಾಂಪೂನ್ ಗೊತ್ತಿರುವವರು ಕಡಿಮೆ. ಆ ವಿಡಿಯೊವನ್ನು ನಮ್ಮ ಹುಡುಗಿ ಫೋನಿನಲ್ಲಿ ಇಟ್ಟುಕೊಂಡಿದ್ದಾಳೆ. ಯಾವ ಪದಕಕ್ಕಿಂತಲೂ ಆ ಒಂದು ಮಾತು ಹೆಚ್ಚು ದೂರ ಹೋಯಿತು ಎಂದೇ ನನ್ನ ನಂಬಿಕೆ. ಹಚ್ಚೊಳ್ಳಿಯ ತನಕ ಬಂತಲ್ಲ.

ಬ್ಯಾಚು ಮುಗಿದಾಗ ಅವಳು ಕೊನೆಯವಳಾಗಿ ಮೇಲೆ ಬಂದಳು. ಒಳಗೆ ಹೋಗಿ ದಾರ ಹಿಡಿದು, ಹಾಕಿದ ಓರೆಯಲ್ಲೇ ನಿಧಾನವಾಗಿ ಎಳೆದು ತೆಗೆದಳು. ನೀರಿನಿಂದ ಬಂದ ಕೂಡಲೇ ಬದಲಿಸಬೇಕು, ಒದ್ದೆ ದಾರ ಇಟ್ಟುಕೊಳ್ಳಬಾರದು. ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಬೇಕು, ಕಮೋಡಿಗಲ್ಲ.

ಮಧ್ಯಾಹ್ನ ಊರಿಗೆ ಹೊರಟು, ಸಿರುಗುಪ್ಪದ ಬಸ್ಸಿನಲ್ಲಿ ಉಳಿದ ಮಾತು ಹೇಳಿ ಮುಗಿಸುತ್ತೇನೆ, ಇದನ್ನು ಹೇಳದೆ ಯಾರ ಕೈಗೂ ಟ್ಯಾಂಪೂನ್ ಕೊಡಬಾರದು. ನಾಲ್ಕರಿಂದ ಎಂಟು ಗಂಟೆ, ಅದಕ್ಕಿಂತ ಹೆಚ್ಚು ಹೊತ್ತು ಒಂದನ್ನೇ ಇಟ್ಟುಕೊಳ್ಳಕೂಡದು. ಒಂದು ಬಗೆಯ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಅಲ್ಲಿ ಬೆಳೆದು ಬಿಡುವ ವಿಷ ರಕ್ತಕ್ಕೆ ಸೇರಿದರೆ ಟಾಕ್ಸಿಕ್ ಶಾಕ್ ಆಗುತ್ತದೆ. ಅಪರೂಪ, ಆದರೆ ಪ್ರಾಣ ತೆಗೆಯಬಲ್ಲದು. ಅಮೆರಿಕದಲ್ಲಿ ಹೀಗೆ ಹಲವರು ಸತ್ತ ಮೇಲೆ, ವಿಪರೀತ ಹೀರುವ 'ರಿಲೈ' ಎಂಬ ಟ್ಯಾಂಪೂನನ್ನು ಕಂಪನಿ 1980ರಲ್ಲಿ ಮಾರುಕಟ್ಟೆಯಿಂದ ವಾಪಸು ಪಡೆಯಿತು. ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ-ಭೇದಿ, ತಲೆಸುತ್ತು, ಬಿಸಿಲಿಗೆ ಸುಟ್ಟಂಥ ಕೆಂಪು ಗಂದೆ, ಇವು ಕಂಡರೆ ಮೊದಲು ಅದನ್ನು ತೆಗೆದು ಆಸ್ಪತ್ರೆಗೆ ಓಡಬೇಕು, ಟ್ಯಾಂಪೂನ್ ಹಾಕಿದ್ದೆ ಎಂದು ಬಾಯಿಬಿಟ್ಟು ಹೇಳಬೇಕು. ಮುಟ್ಟಿಲ್ಲದ ದಿನ ಹಾಕಲೇಬಾರದು. ಅವಳು ಫೋನಿನಲ್ಲಿ ಅಲಾರಂ ಇಟ್ಟುಕೊಂಡಳು.

ಸಿರುಗುಪ್ಪ ಹತ್ತಿರವಾದಂತೆ ರೈಸ್‌ಮಿಲ್ಲುಗಳು, ಆಮೇಲೆ ಎರಡೂ ಕಡೆ ನೀರು ನಿಂತ ಗದ್ದೆ. ನಾಟಿಯ ಕಾಲ. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಈ ಸೀಮೆಗೆ ನಿದ್ದೆ ಇರಲಿಲ್ಲ. ಕಾಲುವೆಗೆ ನೀರಿದ್ದರೆ ನೆಲ್ಲು, ನೆಲ್ಲಿದ್ದರೆ ಕೂಲಿ. ಕಿಟಕಿಯಿಂದ ನೋಡಿದಷ್ಟು ದೂರ ಸೀರೆ ಎತ್ತಿ ಕಟ್ಟಿದ ಹೆಂಗಸರು, ಮೇಲೊಂದು ಗಂಡಸರ ಅಂಗಿ, ಮೀನಖಂಡದ ತನಕ ಕೆಸರು, ಬಗ್ಗಿದ ಬೆನ್ನು. ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿದು ಗುಂಪಾಗಿ ಹಚ್ಚುತ್ತಾರೆ, ಒಬ್ಬಳು ನಿಂತರೆ ಉಳಿದವರ ಸಾಲು ಹಿಂದೆ ಬೀಳುತ್ತದೆ. ಇಷ್ಟು ಜನರಲ್ಲಿ ಇವತ್ತು ಮುಟ್ಟಾದವರು ಇಲ್ಲದಿರಲು ಸಾಧ್ಯವೇ? ಇವರಿಗೆ ನೀರಿಗೆ ಇಳಿಯಬೇಡ ಎಂದವರು ಯಾರು? ಎಲೆಬಳ್ಳಿ ತೋಟಕ್ಕೆ ಕಾಲಿಡಬಾರದು, ಗುಡಿಗೆ ಹೋಗಬಾರದು, ಹೊಳೆಗೆ ಇಳಿದರೆ ಗಂಗಮ್ಮನಿಗೆ ಮೈಲಿಗೆ. ಕೆಸರುಗದ್ದೆಯಲ್ಲಿ ದಿನವಿಡೀ ನಿಂತರೆ ಮಾತ್ರ ಯಾವ ದೇವರಿಗೂ ಏನೂ ಆಗುವುದಿಲ್ಲ. ದುಡಿಯಲು ಇಳಿಯುವವಳಿಗೆ ನೀರು ಯಾವತ್ತೂ ತೆರೆದೇ ಇತ್ತು, ಸಂತೋಷಕ್ಕೆ ಇಳಿಯುವವಳಿಗೆ ಮುಚ್ಚಿತ್ತು. ನಾನು ಹೇಳಲು ಬಂದದ್ದು ಇದನ್ನೇ.

ಹಚ್ಚೊಳ್ಳಿ ಮುಟ್ಟುವಾಗ ಹೊತ್ತು ಇಳಿದಿದೆ. ಅಕ್ಕ ಆಗಷ್ಟೇ ಗದ್ದೆಯಿಂದ ಬಂದು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಾಳೆ. ಕಾಲ್ಬೆರಳ ಸಂದಿ ನೀರಿಗೆ ಬಿಳಿಚಿ ಬಿರಿದಿದೆ. ಅವಳೂ ನಿನ್ನೆಯಿಂದ ಮುಟ್ಟು. ತಂತಿಯಲ್ಲಿ ಹಳೇ ಸೀರೆಯ ತುಂಡು, ಅದರ ಮೇಲೊಂದು ಟವಲು ಮುಚ್ಚಿದೆ, ಹಾಗಾಗಿ ಬಿಸಿಲು ತಾಗಿಲ್ಲ. ಒದ್ದೆ ಬಟ್ಟೆ ತಿಕ್ಕಿ ತಿಕ್ಕಿ ತೊಡೆಯ ಸಂದಿ ಹಣ್ಣಾಗಿರುತ್ತದೆ, ಅದಕ್ಕೆ ಕೊಬ್ಬರಿ ಎಣ್ಣೆ. ಕೊರಳಲ್ಲಿ ಲಿಂಗವಿದೆ. 12ನೇ ಶತಮಾನದ ಶರಣರು ಬಿಡಿಸಿದ ಐದು ಸೂತಕಗಳಲ್ಲಿ ಮುಟ್ಟಿನ ಸೂತಕವೂ ಒಂದು, ಲಿಂಗ ಕಟ್ಟಿದವಳಿಗೆ ಅದು ಇಲ್ಲ. ಆದರೂ ಅಕ್ಕ ಈ ದಿನಗಳಲ್ಲಿ ದೇವರ ಜಗಲಿಯ ಹತ್ತಿರ ಸುಳಿಯುವುದಿಲ್ಲ.

ಮಗಳು ಪೊಟ್ಟಣದಿಂದ ಹೊಸದೊಂದು ಟ್ಯಾಂಪೂನ್ ತೆಗೆದು ಅವ್ವನ ಕೈಯಲ್ಲಿಟ್ಟಳು. ಅಕ್ಕ ತಿರುಗಿಸಿ ನೋಡಿದಳು.

"ದೀಪದ ಬತ್ತಿ ಇದ್ದಂಗೈತಲ್ಲೇ. ಇದನ್ನ ಹಾಕ್ಕೊಂಡು ಈಜಿದ್ಯಾ?"

"ಹೂನವ್ವಾ."

ಬೈಗುಳ ಬರುತ್ತದೆಂದು ಕಾದೆವು. ಅಕ್ಕ ಕೇಳಿದ್ದು ಬೇರೆ. "ಗದ್ದ್ಯಾಗ ಹಚ್ಚಾಕ ಹೋಗೂಮುಂದ ಹಾಕ್ಕೋಬೌದಾ?"

ಈ ಪ್ರಶ್ನೆಗೆ ಮಗಳೇ ಯೋಚಿಸಿ ಉತ್ತರ ಕೊಟ್ಟಳು. ಬೆಳಕು ಹರಿಯುವ ಮುಂಚೆ ಹೋಗಿ ಸಂಜೆ ಬರುವವರಿಗೆ ನಡುವೆ ಬದಲಿಸಬೇಕಾಗುತ್ತದೆ, ಅಲ್ಲಿ ಸೋಪಿಲ್ಲ, ಮರೆಯಿಲ್ಲ, ಕೈ ತುಂಬ ಕೆಸರು. ಅದಕ್ಕಿಂತ ಮುಟ್ಟಿನ ಕಪ್ಪು ಮೇಲು. ಸಿಲಿಕೋನಿನದು, ಒಳಗೇ ಕೂತು ರಕ್ತ ಹಿಡಿಯುತ್ತದೆ. ಮನೆಯಲ್ಲಿ ಕೈ ತೊಳೆದು ಹಾಕಿಕೊಂಡರೆ ಹನ್ನೆರಡು ಗಂಟೆಯೊಳಗೆ ಮನೆಗೇ ಬಂದು ತೆಗೆಯಬಹುದು. ಮುನ್ನೂರು-ನಾನೂರು ರೂಪಾಯಿ ಒಂದೇ ಸಲ ಕೊಟ್ಟರೆ ವರ್ಷಗಟ್ಟಲೆ ಬರುತ್ತದೆ, ಪ್ರತಿ ತಿಂಗಳು ಕುದಿಸಿಟ್ಟುಕೊಳ್ಳಬೇಕು ಅಷ್ಟೆ. ದಕ್ಷಿಣ ಕನ್ನಡದಲ್ಲಿ, ಚಾಮರಾಜನಗರದಲ್ಲಿ ಸರ್ಕಾರವೇ ಪ್ರಾಯೋಗಿಕವಾಗಿ ಹುಡುಗಿಯರಿಗೆ ಹಂಚಿತು. ಬಳ್ಳಾರಿಯ ನಾಟಿಗದ್ದೆಗೆ ಅದು ಮೊದಲು ಬರಬೇಕಿತ್ತು ಎಂದು ನನಗನ್ನಿಸುತ್ತದೆ.

ಮಾರನೆಯ ದಿನ ಬುತ್ತಿಯ ಹೊತ್ತಿಗೆ ಅಕ್ಕನೇ ಮಗಳನ್ನು ಗದ್ದೆಗೆ ಕರೆದೊಯ್ದಳು. ಬದುವಿನ ಮೇಲೆ, ಜಾಲಿಯ ನೆರಳಿನಲ್ಲಿ, ರೊಟ್ಟಿ ಚಟ್ನಿಯ ಸುತ್ತ ಅವಳ ಗುಂಪು. ಗಂಡಾಳು ಯಾರೂ ಹತ್ತಿರವಿಲ್ಲ. ಪ್ರಶ್ನೆಗಳು ಒಂದರ ಮೇಲೊಂದು. ಹಡೆದವರಿಗೆ ಯಾವುದು, ಹಡೆಯದವರಿಗೆ ಯಾವುದು? ಗರ್ಭಕೋಶ ಜಾರಿದವರು ಹಾಕಬಹುದೇ? ಅದಕ್ಕೆ ಮೊದಲು ಡಾಕ್ಟರರನ್ನು ಕೇಳಬೇಕು ಎಂದಳು. ಸಣ್ಣ ಹುಡುಗಿಗೆ ಏನಾದರೂ ಆಗುತ್ತದೆಯೇ? ಬಾಗಿಲಿನ ಸಂದಿಯಲ್ಲಿ ಕೇಳಿಸಿಕೊಂಡದ್ದನ್ನೆಲ್ಲ ಅವಳು ಇನ್ನೂ ಚೊಕ್ಕವಾಗಿ, ಕೋಲಿನಿಂದ ಕೆಸರಿನ ಮೇಲೆ ಚಿತ್ರ ಬರೆದು ಹೇಳಿದಳು.

ಎಲ್ಲರಿಗಿಂತ ಹಿರಿಯಳೊಬ್ಬಳು ಸುಮ್ಮನೆ ಕೂತಿದ್ದವಳು ಕೇಳಿದಳು. "ಏ ತಂಗಿ, ಆ ನಿಮ್ಮ ಕೊಳದಾಗ ನಮ್ಮಂಥಾರನ್ನ ಬಿಡ್ತಾರೇನು?"

"ಯಾಕ ಬಿಡಂಗಿಲ್ಲ ದೊಡ್ಡವ್ವಾ? ಲೇಡೀಸ್ ಬ್ಯಾಚ್ ಐತಿ. ಬೆಳಿಗ್ಗೆ ಏಳಕ್ಕ."

"ಏಳಕ್ಕ ನಾವು ಇಲ್ಲೇ ನೀರಾಗ ಇರ್ತೀವಲ್ಲಬೇ. ಸಂಜಿಗಿ ಐತೇನು ಕೇಳ್ಕೊಂಡು ಬಾ."